ಕಟ್ಟೆ ಮ್ಯಾಲಿನ ಟ್ಯಾಂಕಿಗೆ ಸೆಲ್ಫಿ ಸಾಕು, ಪಾರ್ಟ್ ಹುಡುಕೋಣ ಬರ್ರಿ

1/9
ನಮ್ಮ ನವಲಿಯಾಗ "ಟ್ಯಾಂಕ್" ಅಂದ್ರ ನೀರಿನ ಟ್ಯಾಂಕ್. ಈ ಸರಣಿ ಇನ್ನೊಂದು ಟ್ಯಾಂಕಿನದು. ಚೈನ್ ಮ್ಯಾಲೆ ಓಡೋದು, ಮುಂದೆ ತೋಪು ಇರೋದು. ಮಡಿಕೇರಿ ಟೂರಿಗೆ ಹೋದಾಗ ಜನರಲ್ ತಿಮ್ಮಯ್ಯ ಮ್ಯೂಸಿಯಂ ಹತ್ರ ನೀವೆಲ್ಲ ಸೆಲ್ಫಿ ತಗೊಂಡ್ರಲ್ಲ, ಆ ಟಿ-55. ನಾನೂ ತಗೊಂಡೆ, ಸುಳ್ಳು ಹೇಳೋದಿಲ್ಲ. "ಜೈ ಹಿಂದ್" ಅಂತ ಸ್ಟೋರಿನೂ ಹಾಕಿದೆ. ವಾಪಸ್ ಬರುವಾಗ ಬಸ್ಸಿನ್ಯಾಗ ಒಂದು ಪ್ರಶ್ನೆ ತಲ್ಯಾಗ ಹೊಕ್ತು: ಅದರ ಎಂಜಿನ್ ಎಂಥದ್ದು? ಬಸ್ಸಿನ ತುಂಬ ಐಟಿಐ, ಡಿಪ್ಲೊಮಾ ಹುಡುಗ್ರೇ. ಒಬ್ಬರೂ ಕೇಳಿರಲಿಲ್ಲ. ಆ ನಾಚಿಕೆಯಿಂದ ಹುಟ್ಟಿದ್ದು ಈ ಬರಹ.

2/9
ನನ್ನ ಮಾತು ನೇರ ಐತಿ. ಬಣ್ಣ ಬಳಿಯೋದು ದುರಸ್ತಿ ಅಲ್ಲ. ದೇಶದ ತುಂಬ ಸರ್ಕಲ್‌ಗಳಲ್ಲಿ, ಕಾಲೇಜುಗಳ ಮುಂದೆ, ಪಾರ್ಕುಗಳಲ್ಲಿ ಹಳೇ ಟ್ಯಾಂಕುಗಳನ್ನ ಕಟ್ಟೆ ಮ್ಯಾಲೆ ಕೂಡಿಸ್ಯಾರ. ರಾಷ್ಟ್ರೀಯ ಹಬ್ಬ ಬಂದ್ರ ಹೂವಿನ ಹಾರ, ಆಮೇಲೆ ಮಳೆ ಬಿಸಿಲು. ಸ್ಮಾರಕ ಓಡಬೇಕಾಗಿಲ್ಲ, ಒಪ್ಪತೀನಿ. ಆದ್ರ ರಾಜ್ಯಕ್ಕೆ ಒಂದಾದ್ರೂ ಹಳೇ ಟ್ಯಾಂಕ್ ಹೊಗೆ ಬಿಟ್ಟು, ನೆಲ ನಡುಗಿಸಿ, ನಾಕು ಹೆಜ್ಜೆ ಮುಂದೆ ಬರಬೇಕು. ಅದನ್ನ ಬರಂಗ ಮಾಡೋರು ನಮ್ಮ ವಯಸ್ಸಿನವರು ಆಗಬೇಕು. ಯೋಧರಿಗೆ ಗೌರವ ಅಂದ್ರ ಹಾರ ಒಂದೇ ಏನು?

3/9
ತಿಮ್ಮಯ್ಯನವರ ಕಥೆನೇ ತಗೋ. 1948ರ ನವೆಂಬರ್ 1. ಜೋಜಿ ಲಾ ಕಣಿವೆ, ಸುಮಾರು 11,500 ಅಡಿ ಎತ್ತರ. ಅಷ್ಟು ಮ್ಯಾಲೆ ಟ್ಯಾಂಕ್ ಬರ್ತದ ಅಂತ ಎದುರಾಳಿ ಕನಸಿನ್ಯಾಗೂ ನೆನೆಸಿರಲಿಲ್ಲ. 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳು ಬಂದವು. ಹೆಂಗ? ಮ್ಯಾಲಿನ ತಿರುಗೋ ಭಾಗ, ಅಂದ್ರ ಟರೆಟ್ ಬಿಚ್ಚಿ, ಗುಟ್ಟಾಗಿ ಸಾಗಿಸಿ, ಮತ್ತೆ ಜೋಡಿಸಿ. ಬಾಲ್ತಾಲ್‌ನಿಂದ ಮ್ಯಾಲಕ್ಕೆ ದಾರಿ ಕಡಿದವರು ಮದ್ರಾಸ್ ಸ್ಯಾಪರ್ಸ್, ಈಗಲೂ ಬೆಂಗಳೂರಿನಲ್ಲೇ ಕೇಂದ್ರ ಇರೋ ಪಡೆ. ಅದೇ ತಿಂಗಳು ನಮ್ಮ ಸೈನ್ಯ ಕಾರ್ಗಿಲ್ ಮುಟ್ಟಿತು. ಆ ಗೆಲುವಿನ್ಯಾಗ ಗುಂಡು ಹೊಡೆದವರ ಪಾಲು ಎಷ್ಟೋ, ಸ್ಪ್ಯಾನರ್ ಹಿಡಿದವರ ಪಾಲೂ ಅಷ್ಟೇ. ನಾವು ಪುತ್ಥಳಿ ನೋಡ್ತೀವಿ, ಫಿಟ್ಟರ್‌ನ ಮರೀತೀವಿ.

4/9
ಇನ್ನ ಮ್ಯಾಲೆ ಟ್ಯಾಂಕ್ ಕಂಡ್ರ ಮೊದಲು ಗಾಲಿ ಎಣಿಸು. ಒಂದು ಬದಿಗೆ ಐದು ದೊಡ್ಡ ಗಾಲಿ, ಮೊದಲನೇದಕ್ಕೂ ಎರಡನೇದಕ್ಕೂ ನಡುವೆ ಜಾಸ್ತಿ ಸಂದು ಇದ್ರ ಅದು ಟಿ-55, ರಷ್ಯಾದ್ದು. ಆರು ಗಾಲಿ, ಅವುಗಳ ಮ್ಯಾಲೆ ಚೈನ್ ಹೊರೋ ಸಣ್ಣ ರೋಲರ್ ಇದ್ರ ವಿಜಯಂತ ಇರಬಹುದು, ಇಲ್ಲಾ 1965ರ ಯುದ್ಧದಾಗ ವಶಪಡಿಸಿಕೊಂಡ ಪ್ಯಾಟನ್ ಇರಬಹುದು. ವಿಜಯಂತ ಬ್ರಿಟಿಷರ ವಿಕರ್ಸ್ ವಿನ್ಯಾಸದ್ದು, ಚೆನ್ನೈ ಹತ್ರ ಆವಡಿಯೊಳಗ ತಯಾರಾದದ್ದು. ಇದು ಕ್ವಿಜ್ ಅಲ್ಲ. ಯಾವ ಗಾಡಿ ಅಂತ ಗೊತ್ತಿಲ್ಲದಿದ್ರ ಯಾವ ಪಾರ್ಟ್ ಬೇಕು ಅಂತ ಹೆಂಗ ಗೊತ್ತಾಗ್ತದ?

5/9
"ಅಷ್ಟು ಹಳೇ ಪಾರ್ಟ್ ಎಲ್ಲಿ ಸಿಗ್ತಾವಲೇ?" ಅಂತೀರಿ. ಇದೇ ಮಾತು ನಮ್ಮ ಕಾಕಾನ ಟ್ರ್ಯಾಕ್ಟರಿಗೂ ಅಂದಿದ್ರು. ಹೈಡ್ರಾಲಿಕ್ ಪಂಪ್ ಹೋಗಿತ್ತು. ಶೋರೂಮಿನವರು "ಬಂದಾಗ್ಯದ, ಹೊಸ ಗಾಡಿ ತಗೋರಿ" ಅಂದ್ರು. ನಾನೂ ಕಾಕಾನೂ ಗಂಗಾವತಿ ಗುಜರಿ ಅಂಗಡಿ, ಹೊಸಪೇಟೆ, ಕೊನೆಗೆ ಹುಬ್ಬಳ್ಳಿ ತನಕ ಅಲೆದ್ವಿ. ಸಿಕ್ಕದ್ದು ಅದೇ ಪಂಪ್ ಅಲ್ಲ, ಅದರ ತಮ್ಮ. ಲೇತ್‌ನ್ಯಾಗ ಬುಷ್ ಹೊಡಿಸಿ ಕೂಡಿಸಿದ್ವಿ. ಇವತ್ತಿಗೂ ಗದ್ದಿಯೊಳಗ ಓಡ್ತದ.

ಟ್ಯಾಂಕಿಗೂ ಇದೇ ಲೆಕ್ಕ. ಬಿಡಿ ಪಾರ್ಟ್ ಹುಡುಕೋಕೆ ಮುಂಚೆ ಅದರ ಮನೆತನ ಹುಡುಕು. ಟಿ-55ರ 12 ಸಿಲಿಂಡರಿನ ಡೀಸೆಲ್ ಎಂಜಿನ್ ಎರಡನೇ ಮಹಾಯುದ್ಧದ ಟಿ-34ರ ಎಂಜಿನ್ನಿನ ವಂಶದ್ದು. ನಮ್ಮ ಸೈನ್ಯದ ಟಿ-72ರದ್ದೂ ಅದೇ ವಂಶ. ಎಲ್ಲಾ ಪಾರ್ಟ್ ಅದಲು ಬದಲು ಆಗೋದಿಲ್ಲ, ಆದ್ರ ಆ ವಂಶ ಬಲ್ಲ ಕೈಗಳು ಇನ್ನೂ ಅದಾವ. ವಿಜಯಂತದ ಲೇಲ್ಯಾಂಡ್ ಎಲ್60 ಎಂಜಿನ್ನೇ ಬ್ರಿಟನ್ನಿನ ಚೀಫ್ಟನ್ ಟ್ಯಾಂಕಿನ್ಯಾಗೂ ಇತ್ತು. ಆರು ಸಿಲಿಂಡರ್, ಒಂದೊಂದರೊಳಗ ಎದುರು ಬದುರು ಎರಡು ಪಿಸ್ಟನ್. ಅಂದ್ರ ಹುಡುಕಬೇಕಾದ ಜಾಗ ಆವಡಿ ಒಂದೇ ಅಲ್ಲ.

6/9
ಆಗೋದಿಲ್ಲ ಅನ್ನೋರಿಗೆ ಒಂದು ಉದಾಹರಣೆ. ಇಂಗ್ಲೆಂಡಿನ ಬೋವಿಂಗ್ಟನ್ ಮ್ಯೂಸಿಯಂನಲ್ಲಿ ಟೈಗರ್ 131 ಅಂತ ಜರ್ಮನ್ ಟ್ಯಾಂಕ್ ಐತಿ. 1943ರಲ್ಲಿ ಟ್ಯುನೀಷಿಯಾದಾಗ ಸಿಕ್ಕದ್ದು. ವರ್ಷಗಟ್ಟಲೆ ಕೆಲಸ ಮಾಡಿ 2003ರ ಹೊತ್ತಿಗೆ ಅದನ್ನ ಓಡೋ ಹಂಗ ಮಾಡಿದ್ರು. ಈಗ ಅದು ಓಡೋದನ್ನ ನೋಡಾಕ ಜನ ಟಿಕೆಟ್ ತಗೊಂಡು ಬರ್ತಾರ. ನಮಗ ಅಷ್ಟು ದೂರ ಬ್ಯಾಡ. ಸೊಲ್ಲಾಪುರ ದಾಟಿ ಹೋದ್ರ ಅಹ್ಮದ್‌ನಗರ, ಈಗಿನ ಅಹಿಲ್ಯಾನಗರ. ಅಲ್ಲಿ ಸೈನ್ಯದ ಟ್ಯಾಂಕ್ ಮ್ಯೂಸಿಯಂ ಐತಿ, 1994ರದ್ದು. ಗೋವಾ ಟ್ರಿಪ್ ಒಂದು ಸಲ ಬಿಡ್ರಿ, ಅಲ್ಲಿಗೆ ಹೋಗೋಣ.

7/9
ನಿಮ್ಮ ತಕರಾರು ನನಗೂ ಗೊತ್ತು.

"ಟ್ಯಾಂಕ್ ನಮ್ಮ ಕೈಗೆ ಯಾರು ಕೊಡ್ತಾರ?" ಕೊಡೋದಿಲ್ಲ, ಕೊಡಲೂಬಾರದು. ಅದು ಸೈನ್ಯದ ಆಸ್ತಿ. ತೋಪು ಸತ್ತೇ ಇರಬೇಕು. ನಾನು ಕೇಳ್ತಿರೋದು ಎಂಜಿನ್, ಗೇರ್‌ಬಾಕ್ಸ್, ಚೈನ್ ಅಷ್ಟೇ, ಅದೂ ಸೈನ್ಯದ ನಿಗಾದಾಗ.

"ರೊಕ್ಕ ದಂಡ." ಖರ್ಚು ಐತಿ, ಸಣ್ಣದಲ್ಲ. 36 ಟನ್ನಿನ ಗಾಡಿ. ಒಂದೊಂದು ಬದಿಯ ಚೈನಿನ್ಯಾಗ ಸುಮಾರು 90 ಲಿಂಕ್. ಆದ್ರ ಒಂದು ಪಿನ್ ತಿರುವೋದು, ಒಂದು ಸೀಲ್ ಅಳತೆಗೆ ಮಾಡಿಸೋದು, ಒಂದು ಎರಕ ಹೊಯ್ಯೋದು, ಇವೆಲ್ಲ ನಮ್ಮ ಸಿಲಬಸ್ಸಿನ್ಯಾಗೇ ಇರೋ ಕೆಲಸ.

"ಯುದ್ಧದ ವೈಭವ ಬ್ಯಾಡ." ಇದು ಗಟ್ಟಿ ತಕರಾರು, ಗೌರವ ಐತಿ. ಆದ್ರ ಖರೇ ವೈಭವ ಇರೋದು ಹೊಳೆಯೋ ಬಣ್ಣದಾಗ. ಒಳಗ ಇಳಿದು ನೋಡು. ಆ ಇಕ್ಕಟ್ಟು, ಆ ಕತ್ತಲೆ, ನಾಕು ಮಂದಿ ಮೊಳಕಾಲು ಮಡಚಿ ಕುಂದ್ರೋ ಜಾಗ. ಯುದ್ಧ ಅಂದ್ರ ಏನು ಅಂತ ರೀಲ್ಸ್‌ಗಿಂತ ಅದು ಚಲೋ ಹೇಳ್ತದ.

8/9
ಈಗ ಖರೇ ಮಾತಿಗೆ ಬರ್ತೀನಿ. 2024ರ ಆಗಸ್ಟ್ 10ರ ರಾತ್ರಿ ನೆನಪೈತಿ? ತುಂಗಭದ್ರಾ ಡ್ಯಾಮಿನ 33 ಗೇಟಿನ್ಯಾಗ 19ನೇದರ ಚೈನ್ ಕಡಿದು ಗೇಟ್ ಕೊಚ್ಕೊಂಡು ಹೋತು. ಎಪ್ಪತ್ತು ವರ್ಷದ ಯಂತ್ರದ ಒಂದು ಚೈನು! ಅಪ್ಪ, ಅವ್ವ, ಇಡೀ ಊರು ನಿದ್ದಿಗೆಟ್ಟು ಟಿವಿ ಮುಂದೆ ಕುಂತಿತ್ತು. ಗದ್ದಿಯೊಳಗ ಭತ್ತ ಇತ್ತು. ಹೂಳು ತುಂಬಿ 133 ಟಿಎಂಸಿಯ ಡ್ಯಾಮು 105ಕ್ಕೆ ಇಳಿದದ್ದಕ್ಕೇ ನಮ್ಮ ನವಲಿಯಾಗ ಇನ್ನೊಂದು ಜಲಾಶಯದ ಮಾತು ನಡೆದದ್ದು. ಅಂಥಾದ್ರೊಳಗ ಇದ್ದ ನೀರೂ ಹೊಳಿ ಪಾಲು. ಒಂದು ವಾರದಾಗ ಉಕ್ಕಿನ ಸ್ಟಾಪ್‌ಲಾಗ್ ತಯಾರಿಸಿ, ಹರಿಯೋ ನೀರಿನ್ಯಾಗೇ ಇಳಿಸಿದ್ರು. ಮುಂದೆ ನಿಂತವರು ಗೇಟುಗಳ ಹಿರಿಯ ತಜ್ಞ ಕನ್ನಯ್ಯ ನಾಯ್ಡು. ನಿವೃತ್ತರನ್ನ ಕರೆಸಬೇಕಾತು ಅನ್ನೋದನ್ನ ಮತ್ತೊಮ್ಮೆ ಓದು. ಅವರ ನಂತರ ಯಾರು? ಹಳೇ ಯಂತ್ರ ಓದೋಕೆ ಬರೋ ಹುಡುಗ್ರು ಎಲ್ಲಿ ತಯಾರಾಗ್ತಾರ?

ಅದಕ್ಕೇ ನನಗ ಟ್ಯಾಂಕ್ ಬೇಕು. ಡ್ಯಾಮಿನ ಗೇಟ್ ಬಿಚ್ಚಿ ಕಲಿಯೋಕೆ ಆಗೋದಿಲ್ಲ. ಕಟ್ಟೆ ಮ್ಯಾಲೆ ಸುಮ್ನೆ ನಿಂತ ಟ್ಯಾಂಕ್ ಬಿಚ್ಚಿದ್ರ ಯಾರ ಬೆಳೆನೂ ಒಣಗೋದಿಲ್ಲ.

9/9
ಕೇಳೋದು ಮೂರೇ.
ಒಂದು: ಕಟ್ಟೆ ಮ್ಯಾಲಿನ ಪ್ರತಿ ಟ್ಯಾಂಕಿನ ಮುಂದೆ ಕನ್ನಡದಾಗ ಬೋರ್ಡ್ ಇರಲಿ. ಯಾವ ಎಂಜಿನ್, ಯಾವ ಪಾರ್ಟ್ ಇಲ್ಲ, ಎಲ್ಲಾ ಬರೀರಿ.
ಎರಡು: ರಾಜ್ಯದ ಒಂದು ಟ್ಯಾಂಕನ್ನ ಸೈನ್ಯದ ನಿಗಾದಾಗ ಐಟಿಐ ಮಕ್ಕಳ ಕೈಗೆ ಕೊಡ್ರಿ.
ಮೂರು, ಇದು ನಿನಗೆ: ಈ ಭಾನುವಾರ ನಿಮ್ಮೂರಿನ ಹಳೇ ಮೇಸ್ತ್ರಿ ಹತ್ರ ಹೋಗು. ಗುಜರಿಗೆ ಹೊಂಟ ಒಂದು ಆಯಿಲ್ ಎಂಜಿನ್ ಬಿಚ್ಚೋದನ್ನ ಕಲಿ. ಪ್ರತಿ ಪಾರ್ಟಿನ ನಂಬರ್ ಬರ್ಕೊ. ಕೈ ಎಣ್ಣಿ ಆದ ಮ್ಯಾಲೆ ಫೋಟೋ ಹಾಕು, ನನ್ನ ಟ್ಯಾಗ್ ಮಾಡು.

ಮುಂದಿನ ಸಲ ಟ್ಯಾಂಕ್ ಮುಂದೆ ನಿಂತಾಗ ಸೆಲ್ಫಿ ತಗೋ, ಬ್ಯಾಡ ಅನ್ನೋದಿಲ್ಲ. ಆದ್ರ ಮೊದಲು ಗಾಲಿ ಎಣಿಸು.

#ನವಲಿ #ಗಂಗಾವತಿ #ಐಟಿಐಹುಡುಗ್ರು #ಹಳೇಯಂತ್ರ #ಗಾಲಿಎಣಿಸು