ಕೋವಿಗೆ ಕಾಲು ಬೇಕಾ?

ಖಡಕಿಯ ಮದ್ದುಗುಂಡು ಕಾರ್ಖಾನೆ ಹತ್ತಿರ ಇಪ್ಪತ್ತೇಳು ವರ್ಷದಿಂದ ಇದ್ದೀನಿ. ಅಷ್ಟಕ್ಕೇ ಊರಿನವರಿಗೆ ನಾನು ಕೋವಿ ಪಂಡಿತ! ಮೊನ್ನೆ ಮಡಿಕೇರಿಯಿಂದ ಅಕ್ಕನ ಮಗನ ಫೋನು. "ಮಾವ, ಏರ್ ರೈಫಲ್ ಕಲೀತಿದ್ದೀನಿ. ಎರಡು ಸಾವಿರದೊಳಗೆ ಒಂದು ಒಳ್ಳೆ ಬೈಪಾಡ್ ಹೇಳಿ."

ಬೇಡ ಮಾರಾಯ ಅಂದೆ. 10 ಮೀಟರ್ ಸ್ಪರ್ಧೆಯಲ್ಲಿ ನಿಂತೇ ಹೊಡೀಬೇಕು, ಆಸರೆ ಕೊಡೋ ಹಾಗಿಲ್ಲ. ಅಗ್ಗದ ಸ್ಪ್ರಿಂಗ್ ರೈಫಲ್ಲಂತೂ ಗುಂಡು ನಳಿಗೆ ಬಿಡೋ ಮೊದಲೇ ಕುಲುಕುತ್ತೆ; ಗಟ್ಟಿ ಕಾಲಿನ ಮೇಲಿಟ್ಟರೆ ಗುರಿ ಬೇರೆ ಕಡೆ ಹೋಗುತ್ತೆ. ಸೈಟ್ ಸರಿಮಾಡೋಕೆ ಹಳೇ ಜೀನ್ಸ್ ಕಾಲಿಗೆ ಮರಳು ತುಂಬಿ ಹೊಲಿ, ಅದರ ಮೇಲೆ ಅಂಗೈ, ಅಂಗೈ ಮೇಲೆ ರೈಫಲ್. ಸಾಕು.

ಬೇಟೆಗಾ? 1972ರ ವನ್ಯಜೀವಿ ಕಾಯಿದೆ ಬಂದಮೇಲೆ ಆ ಮಾತೇ ಬೇಡ. ಕೊಡವರಿಗೆ 2029ರವರೆಗೆ ಇರೋ ವಿನಾಯಿತಿ ಕೋವಿ ಲೈಸನ್ಸಿನದ್ದು, ಬೇಟೆಯದ್ದಲ್ಲ.

ಇಲ್ಲೇ ಬಾಲೇವಾಡಿಯಲ್ಲಿ ಅಭ್ಯಾಸ ಮಾಡಿದ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದಿದ್ದು ಬೈಪಾಡ್ ಇಲ್ಲದೇನೇ. ಆ ದುಡ್ಡಿಗೆ ಪೆಲೆಟ್ ತಗೋ, ದಿನಾ ಹೊಡಿ.

ಹುಡುಗನಿಗೆ ಬೇಜಾರಾಯ್ತು. "ಕೈಲ್ ಮುಹೂರ್ತಕ್ಕೆ ಮರದ ತುದಿಯ ತೆಂಗಿನಕಾಯಿ ಒಡೀತಿದ್ದ ನಿನ್ನಜ್ಜನ ಕೋವಿಗೆ ಕಾಲಿತ್ತೇನೋ?" ಅಂದೆ. ನಕ್ಕುಬಿಟ್ಟ.

ನೀವೇನಂತೀರಿ?