ಬೆಂಗಳೂರಿನಲ್ಲಿ ಒಂದು ದಿನ: ಯಾರ ನಡಿಗೆಯ ಅಳತೆಗೆ?



ಕಳೆದ ತಿಂಗಳ ಒಂದು ಭಾನುವಾರ ಬೆಳಿಗ್ಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ದೂರವಾಣಿ ಕರೆ ಬಂದಿತು. 1996ರಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದ ತಂಡದವನು. ಆ ತರಗತಿಯ ಮೂವತ್ತೊಂದು ಮಂದಿ ಈಗ ವಾಟ್ಸಾಪ್ ಗುಂಪೊಂದರಲ್ಲಿ ಒಟ್ಟುಗೂಡಿದ್ದಾರೆಂದೂ, ಎಲ್ಲರೂ ಸೇರಿ ಬೆಂಗಳೂರಿನಲ್ಲಿ ಒಂದು ದಿನವನ್ನು ಸಂತೋಷವಾಗಿ ಕಳೆಯಬೇಕೆಂದು ನಿಶ್ಚಯಿಸಿದ್ದಾರೆಂದೂ ಹೇಳಿದನು. ನಗರದ ಹೊರವಲಯದಲ್ಲೊಂದು ರೆಸಾರ್ಟು, ಈಜುಕೊಳ, ಬಫೆ ಊಟ, ಸಂಜೆ ಹಾಡು ಕುಣಿತ. ತಲೆಗೆ 3,500 ರೂಪಾಯಿ. "ಸಾರ್, ನಿಮ್ಮದು ನಮ್ಮ ಲೆಕ್ಕ, ನೀವು ಬಂದು ಆಶೀರ್ವಾದ ಮಾಡಿದರೆ ಸಾಕು" ಎಂದನು.

ಸಂತೋಷವಾಯಿತು, ಸುಳ್ಳು ಹೇಳಲಾರೆ. ಮೇಷ್ಟ್ರಾದವನಿಗೆ ಮೂವತ್ತು ವರ್ಷಗಳ ಬಳಿಕವೂ ಯಾರೋ ನೆನೆಸಿಕೊಂಡು ಕರೆದರೆ ಅದಕ್ಕಿಂತ ದೊಡ್ಡ ಪಿಂಚಣಿ ಇನ್ನೇನು ಬೇಕು? ಆದರೆ ಅಭ್ಯಾಸಬಲದಿಂದ ಹಾಜರಿ ಕೇಳಿದೆ. "ಮೂವತ್ತೊಂದರಲ್ಲಿ ಎಷ್ಟು ಜನ ಬರುತ್ತೇವೆ ಎಂದಿದ್ದಾರಪ್ಪ?"

"ಹತ್ತೊಂಬತ್ತು, ಸಾರ್."

"ಉಳಿದ ಹನ್ನೆರಡು ಮಂದಿ?"

"ಏನೋ ಕೆಲಸ ಇದೆಯಂತೆ, ಸಾರ್."

ಈ 'ಏನೋ ಕೆಲಸ'ವನ್ನು ನಾನು ಚೆನ್ನಾಗಿ ಬಲ್ಲೆ. ಯೋಚಿಸಿ ಹೇಳುತ್ತೇನೆಂದು ಫೋನ್ ಇಟ್ಟೆ. ಯೋಚಿಸಿದ್ದನ್ನು ಅವನೊಬ್ಬನಿಗೇ ಹೇಳುವ ಬದಲು ಇಲ್ಲಿ ಬರೆಯುತ್ತಿದ್ದೇನೆ. ಏಕೆಂದರೆ ಈ ತಪ್ಪನ್ನು ಮೊದಲು ಮಾಡಿದವರು ನಾವು, ಬಿ.ಎಡ್. ಗೆಳೆಯರ ಬಳಗ.

ಮೈಸೂರಿನಲ್ಲಿ ಒಟ್ಟಿಗೆ ಬಿ.ಎಡ್. ಮಾಡಿದ ಐವರು ನಾವು. ಒಬ್ಬರನ್ನೊಬ್ಬರು ಇಂದಿಗೂ ಹೆಸರಿಡಿದು ಕರೆಯುವುದಿಲ್ಲ, ಬೋಧಿಸಿದ ವಿಷಯದಿಂದಲೇ ಕರೆಯುತ್ತೇವೆ. ಗಣಿತದವರು, ಇಂಗ್ಲಿಷಿನವರು, ವಿಜ್ಞಾನದ ಮೇಡಂ, ಹಿಂದಿ ಪಂಡಿತರು, ಮತ್ತು ಸಮಾಜ ವಿಜ್ಞಾನದ ನಾನು. ನಿವೃತ್ತರಾದ ಮೇಲೆ, 2022ರ ಡಿಸೆಂಬರಿನಲ್ಲಿ, ಮೊದಲ ಬಾರಿಗೆ ಬೆಂಗಳೂರಿನಲ್ಲಿ ಸೇರಿದೆವು. ಯೋಜನೆ ಗಣಿತದವರದು. ಅವರ ವೇಳಾಪಟ್ಟಿಯಲ್ಲಿ ಎಂಟು ಸ್ಥಳಗಳಿದ್ದವು, ಪ್ರತಿಯೊಂದಕ್ಕೂ ನಿಮಿಷಗಳ ಲೆಕ್ಕವಿತ್ತು. ಎರಡು ಪೀರಿಯಡ್ಡುಗಳ ನಡುವೆ ನೀರು ಕುಡಿಯಲು ಬಿಡುವಷ್ಟೂ ಸಮಯವಿರಲಿಲ್ಲ. ಬಾಡಿಗೆಯ ವ್ಯಾನು. ಹತ್ತುವುದು, ಇಳಿಯುವುದು, ಫೋಟೋ, ಮತ್ತೆ ಹತ್ತುವುದು. ಆ ದಿನದ ಬಹುಭಾಗವನ್ನು ನಾವು ಕಳೆದದ್ದು ಸಿಗ್ನಲ್ಲುಗಳಲ್ಲಿ. ಮಧ್ಯಾಹ್ನದ ಊಟ ಒಂದು ಮಾಲಿನ ಮೇಲಂತಸ್ತಿನಲ್ಲಿ. ಬಿಲ್ಲು 4,200 ರೂಪಾಯಿ. ಗಣಿತದವರು ಕ್ಷಣದಲ್ಲಿ ಭಾಗಿಸಿ "ತಲಾ ಎಂಟುನೂರ ನಲವತ್ತು" ಎಂದರು. ಹಿಂದಿ ಪಂಡಿತರು ಹಸಿವಿಲ್ಲವೆಂದು ಒಂದು ಕಾಫಿಯನ್ನಷ್ಟೇ ಕುಡಿದಿದ್ದರು. ಒಳಜೇಬಿನಿಂದ ಮಡಿಸಿದ ನೋಟುಗಳನ್ನು ತೆಗೆದು, ಎಣಿಸಿ, ಮೇಜಿನ ಮೇಲಿಟ್ಟರು. ನಾನದನ್ನು ಕಂಡೆ. ಕಂಡೂ ಸುಮ್ಮನಿದ್ದೆ.

ಮರುವರ್ಷ ಮತ್ತೆ ಸೇರೋಣವೆಂದಾಗ ಪಂಡಿತರು ಮೊಮ್ಮಗನ ನಾಮಕರಣವಿದೆಯೆಂದು ತಿಳಿಸಿದರು. ನಾವು ನಾಲ್ವರೇ ಹೋಗಿಬಂದೆವು. ಕೆಲವು ವಾರಗಳ ಬಳಿಕ ಅವರ ಊರಿನ ಕಡೆಗೆ ಮದುವೆಗೆ ಹೋದವನು ಮನೆಗೆ ಹೋದೆ. ಮೊಮ್ಮಗ ಅಂಗಳದಲ್ಲಿ ಮೂರುಗಾಲಿಯ ಸೈಕಲ್ ತುಳಿಯುತ್ತಿದ್ದನು, ಮೂರು ವರ್ಷದ ಹುಡುಗ! ಇನ್ನೊಬ್ಬ ಮೊಮ್ಮಗನಿರಲಿಲ್ಲ. ಕಾಫಿ ತಂದುಕೊಟ್ಟ ಅವರ ಮನೆಯವರು ಮೆಲ್ಲನೆ ವಿಷಯ ತೆಗೆದರು. ಮಂಡಿ ಸವೆದು ಮೆಟ್ಟಿಲು ಹತ್ತುವುದೇ ಕಷ್ಟವಂತೆ; ಗಂಟೆಗೊಮ್ಮೆ ಶೌಚಕ್ಕೆ ಹೋಗಬೇಕಂತೆ; ವ್ಯಾನು ನಿಲ್ಲಿಸಿರೆಂದು ಮೇಡಂ ಎದುರಿಗೆ ಕೇಳಲು ಸಂಕೋಚವಂತೆ. ಮೇಲಾಗಿ ಅವರು ದುಡಿದದ್ದು ಅನುದಾನವಿಲ್ಲದ ಖಾಸಗಿ ಶಾಲೆಯಲ್ಲಿ. ಪಿಂಚಣಿ ಇಲ್ಲ. ಮನೆಯಲ್ಲಿ ನಾಲ್ಕು ಮಕ್ಕಳಿಗೆ ಪಾಠ ಹೇಳಿ ಬಂದದ್ದೇ ಕೈಖರ್ಚು. ನಲವತ್ತು ವರ್ಷಗಳ ಸ್ನೇಹದಲ್ಲಿ ಇದು ನಮಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ, ಅಷ್ಟೆ. ಪಂಡಿತರು ಮಾತ್ರ ನಗುತ್ತಲೇ ಹೇಳಿದರು: "ನೀವೆಲ್ಲ ಊರು ನೋಡುತ್ತಿದ್ದಿರಿ, ರಾಯರೇ, ನಾನು ವ್ಯಾನಿನ ಕಾವಲು ಕಾಯುತ್ತಿದ್ದೆ."

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಶಾಲೆಯ ಪ್ರವಾಸಕ್ಕೆ ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಎಂದು ಪಟ್ಟಿ ಹಾಕುವಾಗ, 'ನನಗೆ ಬಸ್ಸಿನಲ್ಲಿ ವಾಂತಿ ಬರುತ್ತೆ ಸಾರ್, ನಾನು ಬರಲ್ಲ' ಎನ್ನುವ ಹುಡುಗನ ಮನೆಯಲ್ಲಿ ದುಡ್ಡಿಲ್ಲವೆಂದು ನಮಗೆ ತಕ್ಷಣ ತಿಳಿಯುತ್ತಿತ್ತು. ಅವನ ಹೆಸರನ್ನು ಸದ್ದಿಲ್ಲದೆ ಸೇರಿಸಿಕೊಳ್ಳುತ್ತಿದ್ದೆವು. ವಿದ್ಯಾರ್ಥಿಗಳ ವಿಷಯದಲ್ಲಿ ಇಷ್ಟು ಸೂಕ್ಷ್ಮವಾಗಿದ್ದ ಕಣ್ಣು ಗೆಳೆಯರ ವಿಷಯದಲ್ಲಿ ಏಕೆ ಮಂಜಾಯಿತು?

2024ರ ಫೆಬ್ರುವರಿಯಲ್ಲಿ ಯೋಜನೆಯ ಹೊಣೆಯನ್ನು ನಾನೇ ಹೊತ್ತೆ. ಎರಡೇ ಸ್ಥಳಗಳು: ಬೆಳಿಗ್ಗೆ ಲಾಲ್‌ಬಾಗ್, ಮಧ್ಯಾಹ್ನ ಕಬ್ಬನ್ ಪಾರ್ಕ್. ಓಡಾಟ, ಊಟ, ತಿಂಡಿ ಎಲ್ಲ ಸೇರಿ ತಲೆಗೆ 500 ರೂಪಾಯಿ ಮೀರಕೂಡದೆಂದು ಮೊದಲೇ ಎಲ್ಲರಿಗೂ ಪತ್ರ ಬರೆದೆ (ಹೌದು, ಅಂಚೆಯಲ್ಲೇ). ಗಣಿತದವರಿಗೆ ಇದು ರುಚಿಸಲಿಲ್ಲ. "ಬೆಂಗಳೂರಿಗೆ ಬಂದು ಎರಡೇ ಜಾಗ ನೋಡುವುದಾದರೆ ಬರುವುದಾದರೂ ಏಕೆ?" ಎಂದರು. ಪಂಡಿತರನ್ನು ನೋಡುವುದಕ್ಕೆ ಎಂದು ಉತ್ತರಿಸಿದೆ. ಆಮೇಲೆ ಅವರು ಮಾತಾಡಲಿಲ್ಲ.

ತಿಪಟೂರು, ತುಮಕೂರಿನ ಕಡೆಯಿಂದ ರೈಲಿನಲ್ಲಿ ಬರುವವರಿಗೆ ಒಂದು ಅನುಕೂಲವಿದೆ, ಬಹಳ ಮಂದಿ ಗಮನಿಸುವುದಿಲ್ಲ. ಮೆಜೆಸ್ಟಿಕ್‌ವರೆಗೆ ಹೋಗದೆ ಯಶವಂತಪುರದಲ್ಲೇ ಇಳಿದುಬಿಟ್ಟರೆ ಹತ್ತಿರದಲ್ಲೇ ಮೆಟ್ರೋದ ಹಸಿರು ಮಾರ್ಗ. ಎಲ್ಲಿಯೂ ಬದಲಾಯಿಸದೆ ನ್ಯಾಷನಲ್ ಕಾಲೇಜು, ಲಾಲ್‌ಬಾಗ್ ನಿಲ್ದಾಣಗಳನ್ನು ತಲುಪಬಹುದು. ಮೇಲಕ್ಕೂ ಕೆಳಕ್ಕೂ ಲಿಫ್ಟ್ ಇರುವುದರಿಂದ ಮಂಡಿಯವರಿಗೆ ಮೆಟ್ಟಿಲಿನ ಭಯವಿಲ್ಲ. (2011ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಯವರೆಗೆ ಮೊದಲ ಮೆಟ್ರೋ ಓಡಿದಾಗ 'ಇದು ಸಾಹುಕಾರರ ಆಟಿಕೆ' ಎಂದು ಸ್ಟಾಫ್ ರೂಮಿನಲ್ಲಿ ವಾದಿಸಿದವನು ನಾನೇ. ಮಾತನ್ನು ಹಿಂತೆಗೆದುಕೊಂಡಿದ್ದೇನೆ.) ಮೇಡಂ ಅವರಿಗಂತೂ ಬಸ್ಸೇ ಪ್ರಿಯ, 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅವರು ಊರಿನಿಂದ ಸಾಮಾನ್ಯ ಸಾರಿಗೆ ಬಸ್ಸಿನಲ್ಲೇ ಬರುತ್ತಾರೆ. "ನನ್ನ ಐನೂರರಲ್ಲಿ ಪ್ರಯಾಣದ ಬಾಬ್ತು ಸೊನ್ನೆ" ಎಂದು ಗಣಿತದವರನ್ನು ಅಣಕಿಸಿದರು.

ನ್ಯಾಷನಲ್ ಕಾಲೇಜಿನ ಬಳಿ ಇಳಿದು, ಆಟೋ ಹಿಡಿದು ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ ಹೋದೆವು. 1943ರಲ್ಲಿ ಆರಂಭವಾದ ಹೋಟೆಲು. ಶುಕ್ರವಾರ ರಜೆ, ಭಾನುವಾರ ಬಾಗಿಲ ಹೊರಗೆ ಜಾತ್ರೆ. ಅದಕ್ಕೇ ನಾನು ಬುಧವಾರವನ್ನು ಆರಿಸಿದ್ದೆ. ಒಂದು ಕೈಯಲ್ಲಿ ದೋಸೆಯ ತಟ್ಟೆಗಳ ಗೋಪುರ ಹೊತ್ತು ಬರುವ ಮಾಣಿಯನ್ನು ನೋಡಿ ವಿಜ್ಞಾನದ ಮೇಡಂ ಗುರುತ್ವಕೇಂದ್ರದ ಪಾಠ ಆರಂಭಿಸಿಯೇಬಿಟ್ಟರು. ಪಂಡಿತರು ಎರಡು ಮಸಾಲೆದೋಸೆ ತಿಂದರು. ಮಾಲಿನಲ್ಲಿ ಹಸಿವಿಲ್ಲವೆಂದಿದ್ದ ಮನುಷ್ಯ!

ಲಾಲ್‌ಬಾಗಿನಲ್ಲಿ ಪಂಡಿತರನ್ನೂ ಮೇಡಂ ಅವರನ್ನೂ ಬ್ಯಾಟರಿ ಗಾಡಿಯಲ್ಲಿ ಕೂರಿಸಿ ನಾವು ಮೂವರು ನಿಧಾನವಾಗಿ ನಡೆದೆವು. 1760ರಲ್ಲಿ ಹೈದರಾಲಿ ಆರಂಭಿಸಿದ ತೋಟ; 1889ರಲ್ಲಿ ಅಡಿಗಲ್ಲು ಬಿದ್ದ ಗಾಜಿನ ಮನೆ; ಈಗ 240 ಎಕರೆ. ಇದೆಲ್ಲವನ್ನೂ ನಾನು ಮೂವತ್ತೈದು ವರ್ಷ ಕಪ್ಪುಹಲಗೆಯ ಮೇಲೆ ಬರೆದವನೇ. ಆದರೆ ಅಲ್ಲಿನ ಬಂಡೆಯ ಬುಡದಲ್ಲಿ ಕುಳಿತು ಅರ್ಧಗಂಟೆ ಸುಮ್ಮನಿದ್ದದ್ದು ಅದೇ ಮೊದಲು. ಸುಮಾರು ಮುನ್ನೂರು ಕೋಟಿ ವರ್ಷಗಳಷ್ಟು ಹಳೆಯ ಶಿಲೆ ಅದು. ನೆತ್ತಿಯ ಮೇಲೆ ಕೆಂಪೇಗೌಡರ ಹೆಸರಿನ ಗೋಪುರ. ಪಂಡಿತರು ಮೇಲೆ ಹತ್ತಲಿಲ್ಲ, ನಾವೂ ಹತ್ತಲಿಲ್ಲ. ಬಿಸಿಲಿಗೆ ಬೆಚ್ಚಗಾಗಿದ್ದ ಕಲ್ಲಿನ ಮೇಲೆ ಅಂಗೈಯಿಟ್ಟು ಅವರು, "ಇದರ ಮುಂದೆ ನಾವೈವರೂ ಬಾಲವಾಡಿಯ ಮಕ್ಕಳು" ಎಂದರು. ಆಮೇಲೆ ಮೈಸೂರಿನ ಹಾಸ್ಟೆಲಿನ ಕಥೆಗಳು ಒಂದೊಂದಾಗಿ ಹೊರಬಂದವು. ಬಿ.ಎಡ್. ಪರೀಕ್ಷಾ ಪಾಠದ ದಿನ ಅವರ ಚಾರ್ಟನ್ನು ಹಸು ತಿಂದದ್ದು ನನಗೆ ಮರೆತೇಹೋಗಿತ್ತು.

ಊಟದ ವಿಷಯದಲ್ಲಿ ಒಂದು ಎಚ್ಚರಿಕೆ. ದರ್ಶಿನಿಗಳು ಅಗ್ಗ, ರುಚಿಯೂ ಉಂಟು. ಆದರೆ ನಿಂತು ತಿನ್ನುವುದು ಅರವತ್ತು ದಾಟಿದವರಿಗೆ ಊಟವಲ್ಲ, ಶಿಕ್ಷೆ. ಕುರ್ಚಿಯೂ ಶೌಚಾಲಯವೂ ಇರುವ ಸಾಧಾರಣ ಊಟದ ಹೋಟೆಲನ್ನು ಮೊದಲೇ ನೋಡಿಟ್ಟುಕೊಳ್ಳಬೇಕು. ಯೋಜನೆ ಎಂದರೆ ನನ್ನ ಮಟ್ಟಿಗೆ ಬಹುಪಾಲು ಇದೇ. ನೋಡುವ ಸ್ಥಳಗಳು ಎಲ್ಲರಿಗೂ ಗೊತ್ತು. ಕೂರುವ ಸ್ಥಳ ಯಾರಿಗೂ ಗೊತ್ತಿರುವುದಿಲ್ಲ.

ಕಬ್ಬನ್ ಪಾರ್ಕಿಗೆ ಹೋಗಲು ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಬೇಕು. ಅಲ್ಲಿ ಜನಸಂದಣಿ, ನಡಿಗೆ ಎರಡೂ ಹೆಚ್ಚು, ಅವಸರಪಡಕೂಡದು. 1962ರಲ್ಲಿ ನೆಹರೂ ಉದ್ಘಾಟಿಸಿದ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯವನ್ನು ಮೇಡಂ ಮತ್ತು ಗಣಿತದವರು ನೋಡಿಬಂದರು. ಉಳಿದ ಮೂವರು 1915ರ ಕೆಂಪು ಗ್ರಂಥಾಲಯದ ಬಳಿ ಬಿದಿರುಮೆಳೆಯ ನೆರಳಿನಲ್ಲಿ ಕುಳಿತೆವು. ಎಲ್ಲರೂ ಎಲ್ಲವನ್ನೂ ಒಟ್ಟಿಗೇ ನೋಡಬೇಕೆಂಬ ಹಟವೇನಿಲ್ಲ. ಸಂಜೆ ಲೆಕ್ಕ ಹಾಕಿದಾಗ ತಲಾ 460 ರೂಪಾಯಿ ಆಗಿತ್ತು. ಉಳಿದ ನಲವತ್ತನ್ನು ಗಣಿತದವರು ಚಿಲ್ಲರೆ ಮಾಡಿಸಿ ಹಿಂದಿರುಗಿಸಿದರು.

ಈಗ 1996ರ ತಂಡದವರಿಗೆ ಬರುತ್ತೇನೆ. ರೆಸಾರ್ಟು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ದುಡಿದು ಗಳಿಸಿದ್ದೀರಿ, ನಿಮ್ಮ ಮಕ್ಕಳಿಗೆ ಈಜುಕೊಳ ಬೇಕು. ಕುಟುಂಬದೊಡನೆ ಹೋಗಿಬನ್ನಿ, ಬೇಡವೆನ್ನುವವರಾರು? ಆದರೆ ಒಂದೇ ಬೆಂಚಿನಲ್ಲಿ ಕುಳಿತವರು ಮೂವತ್ತು ವರ್ಷಗಳ ಬಳಿಕ ಸೇರುವ ದಿನಕ್ಕೆ ಬಾಗಿಲಲ್ಲೇ 3,500 ರೂಪಾಯಿಯ ಟಿಕೆಟ್ ಇಟ್ಟರೆ, ಆ ಬೆಂಚಿನ ಒಂದು ತುದಿ ಖಾಲಿಯಾಗಿಯೇ ಉಳಿಯುತ್ತದೆ. ನಿಮ್ಮಲ್ಲಿ ಸಾಫ್ಟ್‌ವೇರಿನವರಿದ್ದಾರೆ, ಗಾರ್ಮೆಂಟ್ಸಿಗೆ ಹೋಗುವವರಿದ್ದಾರೆ, ಆಟೋ ಓಡಿಸುವವರಿದ್ದಾರೆ, ಕೊಬ್ಬರಿ ಬೆಲೆ ನೋಡಿಕೊಂಡು ಮುಂದಿನ ತಿಂಗಳ ಖರ್ಚು ನಿರ್ಧರಿಸುವವರಿದ್ದಾರೆ.

ಇದನ್ನೇ ಆ ವಿದ್ಯಾರ್ಥಿಗೆ ಹೇಳಿದಾಗ ಅವನು ಒಳ್ಳೆಯ ಮನಸ್ಸಿನಿಂದಲೇ, "ಆಗದವರ ಪಾಲನ್ನು ನಾವು ನಾಲ್ಕೈದು ಜನ ಹಾಕಿಬಿಡ್ತೀವಿ, ಸಾರ್" ಎಂದನು. ಶಾಲೆಯಲ್ಲಿ ನಾವೂ ಹೀಗೆಯೇ ಮಾಡುತ್ತಿದ್ದೆವಲ್ಲ ಎಂದು ನೀವು ಕೇಳಬಹುದು. ಹದಿನೈದರ ಹುಡುಗನ ಪಾಲನ್ನು ಮೇಷ್ಟ್ರು ಕೊಟ್ಟರೆ ಅದು ಅಕ್ಕರೆ. ನಲವತ್ತೈದರ ಗೃಹಸ್ಥನ ಪಾಲನ್ನು ಅವನ ಸಹಪಾಠಿಯೇ ಕೊಟ್ಟರೆ, ಅದೂ ಮೂವತ್ತು ಜನರ ಗುಂಪಿನಲ್ಲಿ ಎಲ್ಲರಿಗೂ ತಿಳಿಯುವಂತೆ, ಅವನು ಆ ದಿನವಿಡೀ ಅತಿಥಿಯಾಗಿರುತ್ತಾನೆಯೇ ಹೊರತು ಗೆಳೆಯನಾಗಿರುವುದಿಲ್ಲ. ಪಂಡಿತರ ಎಂಟುನೂರ ನಲವತ್ತನ್ನು ಅಂದು ನಾನು ಕೊಟ್ಟಿದ್ದರೂ ಅವರು ಮರುವರ್ಷ ಬರುತ್ತಿರಲಿಲ್ಲ, ಇದು ನನಗೆ ಖಚಿತ. ಖರ್ಚನ್ನೇ ಇಳಿಸಿ. ಆಗ ಯಾರೂ ಯಾರಿಗೂ ಕೊಡಬೇಕಾಗಿಲ್ಲ.

ನಿನ್ನೆ ರಾತ್ರಿ ಅವನೇ ಮತ್ತೆ ಫೋನ್ ಮಾಡಿದ್ದ. ಗುಂಪಿನಲ್ಲಿ ಎರಡು ದಿನ ಭಾರಿ ಚರ್ಚೆಯಾಯಿತಂತೆ, ಕೆಲವರು ಮುನಿಸಿಕೊಂಡಿದ್ದಾರಂತೆ. ರೆಸಾರ್ಟಿನ ಮುಂಗಡ ಹಣ ಹಿಂದಕ್ಕೆ ಬರುವುದೋ ಇಲ್ಲವೋ ಎಂಬುದೂ ಒಂದು ತಲೆನೋವು. ಆದರೆ ಹನ್ನೆರಡರಲ್ಲಿ ಐದು ಮಂದಿಗೆ ಇದ್ದಕ್ಕಿದ್ದಂತೆ ಬಿಡುವಾಗಿದೆಯಂತೆ! ಅವರಲ್ಲೊಬ್ಬ, ಆಟೋ ಓಡಿಸುವವನು, "ಮೇಷ್ಟ್ರನ್ನು ಯಶವಂತಪುರದಿಂದ ನಾನೇ ಕರೆದುಕೊಂಡು ಬರ್ತೀನಿ" ಎಂದಿದ್ದಾನಂತೆ. ಮೆಟ್ರೋದಲ್ಲಿ ಬರುತ್ತೇನೆಂದು ಇಷ್ಟುದ್ದ ಬರೆದ ಮೇಲೆ ಅವನ ಆಟೋ ಹತ್ತುವುದಾದರೂ ಹೇಗೆ? ಹತ್ತುತ್ತೇನೆ.

ದಿನಾಂಕ ಇನ್ನೂ ನಿಗದಿಯಾಗಿಲ್ಲ. ಆಗಸ್ಟ್ 15ರ ಮತ್ತು ಜನವರಿ 26ರ ಆಸುಪಾಸನ್ನು ಬಿಡಿ, ಫಲಪುಷ್ಪ ಪ್ರದರ್ಶನದ ಜನಸಾಗರದಲ್ಲಿ ಒಬ್ಬರನ್ನೊಬ್ಬರು ಹುಡುಕುವುದರಲ್ಲೇ ಸಂಜೆಯಾದೀತು. ತಂಡದಲ್ಲಿ ಯಾರಿಗಾದರೂ ಮಂಡಿ, ಸೊಂಟ, ಸಕ್ಕರೆ ಇತ್ಯಾದಿ ತೊಂದರೆಗಳಿದ್ದರೆ ಗುಂಪಿನಲ್ಲಿ ಬರೆಯಬೇಕಾಗಿಲ್ಲ, ನನಗೊಂದು ಫೋನ್ ಮಾಡಿ. ಹೆಸರು ಹೇಳದೆ ಬೆಂಚು ನೋಡಿಡುತ್ತೇನೆ.