ಫೀಮೇಲಿನೊಳಗೆ ಮೇಲ್ ಇಲ್ಲ

"ಮೇಲ್ ಇಲ್ಲದೆ ಫೀಮೇಲ್ ಇಲ್ಲ, ಮ್ಯಾನ್ ಇಲ್ಲದೆ ವುಮನ್ ಇಲ್ಲ, ನೋಡಿ!" ಶಿಕ್ಷಕರ ತರಬೇತಿಯೊಂದರಲ್ಲಿ ಉಪನ್ಯಾಸಕರೊಬ್ಬರು ಹೀಗೆಂದಾಗ ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗುವಿಗೆ ಈಗಲೂ ನಾಚಿಕೆಯಾಗುತ್ತದೆ.

ಏಕೆಂದರೆ ಆ ಮಾತೇ ತಪ್ಪು. ಹಳೆಯ ಇಂಗ್ಲಿಷಿನಲ್ಲಿ 'ಮನ್' ಎಂದರೆ ಮುಖ್ಯವಾಗಿ ಮನುಷ್ಯ ಎಂದೇ ಅರ್ಥ. ಗಂಡಸಿಗೆ 'ವೆರ್' ಎಂಬ ಬೇರೆ ಪದವಿತ್ತು, ಹೆಂಗಸಿಗೆ 'ವೀಫ್'. 'ವೀಫ್‌ಮನ್' ಎಂದರೆ ಹೆಣ್ಣಾದ ಮನುಷ್ಯಜೀವಿ. ಅದೇ ಸವೆದು ವುಮನ್ ಆಯಿತು. ಇಂದಿನ ವೈಫ್ ಕೂಡ ಆ ವೀಫೇ. ವೀಫ್ ಎನಿಸಿಕೊಳ್ಳಲು ಅವಳಿಗೆ ಗಂಡನಿರಲೇಬೇಕು ಎಂದೇನೂ ಇರಲಿಲ್ಲ! ಸೂಲಗಿತ್ತಿಯನ್ನು ಮಿಡ್‌ವೈಫ್ ಎನ್ನುವಾಗ ಆ ಹಳೆಯ ಅರ್ಥ ಇನ್ನೂ ಉಸಿರಾಡುತ್ತಿದೆ.

ಫೀಮೇಲ್ ಬಂದದ್ದು ಲ್ಯಾಟಿನ್ನಿನ 'ಫೆಮೆಲ್ಲಾ'ದಿಂದ, ಮೇಲ್ ಬಂದದ್ದು 'ಮಾಸ್ಕುಲುಸ್'ನಿಂದ. ಎರಡೂ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದವು. ಬೇರು ಬೇರೆ ಬೇರೆ. ಮೇಲ್‌ನ ಪಕ್ಕ ಕೂತು ಕೂತು ಫೀಮೇಲ್‌ನ ಕಾಗುಣಿತ ಬದಲಾಯಿತು, ಮದುವೆಯಾದ ಮೇಲೆ ನಮ್ಮ ಇನಿಷಿಯಲ್ ಬದಲಾದ ಹಾಗೆ. ಇನಿಷಿಯಲ್ ಬದಲಾದರೆ ಹುಟ್ಟು ಬದಲಾಗುತ್ತದೆಯೇ?

ನಿಮ್ಮ ಮಗಳು ಶಾಲೆಯಿಂದ ಈ ತಮಾಷೆಯನ್ನು ಹೊತ್ತು ತಂದರೆ ನನ್ನಂತೆ ನಕ್ಕು ಸುಮ್ಮನಾಗಬೇಡಿ. ನಿಘಂಟು ತೆಗೆದು ತೋರಿಸಿ.